ಕೊನೆಯ ಮೂರು ನಿಮಿಷ ನಿಮ್ಮದು

ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಫ್ರೈಯರ್ ಮುಂದೆ ನಿಲ್ಲುವ ಹುಡುಗ ಹುಡುಗಿಯರಿಗೆ,



ಕೌಂಟರಿನ ಈಚೆ ನಿಂತ ನಾವು ನಿಮ್ಮನ್ನು ಮಾತಾಡಿಸುವುದು ಎರಡೇ ಸಂದರ್ಭದಲ್ಲಿ. ಆರ್ಡರ್ ತಡವಾದಾಗ, ಇಲ್ಲವೇ ಕೊಟ್ಟದ್ದು ತಣ್ಣಗಿದ್ದಾಗ. ಉಳಿದ ಹೊತ್ತಿನಲ್ಲಿ ನಮಗೆ ಕಾಣುವುದು ನಿಮ್ಮ ಟೋಪಿ, ನಿಮ್ಮ ಬೆನ್ನು, ನಿಮ್ಮ ಹಿಂದೆ ಬೀಪ್ ಎನ್ನುತ್ತಲೇ ಇರುವ ಯಂತ್ರ. ನೀವು ಮಾಡುವುದು ಅಡುಗೆಯೇ ಅಲ್ಲ, ಬಟನ್ ಒತ್ತುವ ಕೆಲಸ ಎಂದು ನಾವು ತಿಳಿದಿದ್ದೇವೆ. ಎಷ್ಟೋ ಸಲ ನೀವೂ ಹಾಗೆಯೇ ತಿಳಿದುಕೊಂಡಿದ್ದೀರಿ. ಆ ಮಾತು ತಪ್ಪು ಎಂದು ಹೇಳಲಿಕ್ಕೇ ಈ ಪತ್ರ.

ಕೆಲಸಕ್ಕೆ ಸೇರಿದ ಮೊದಲ ದಿನ ನಿಮಗೆ ನಿಯಮಗಳನ್ನು ಹೇಳಿಕೊಟ್ಟಿರುತ್ತಾರೆ. ಬುಟ್ಟಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡ. ಫ್ರೈಸ್ ಚೀಲವನ್ನು ಫ್ರೀಜರಿನಿಂದ ಮೊದಲೇ ತೆಗೆದಿಡಬೇಡ. ಇಳಿಸಿದ ಅರ್ಧ ನಿಮಿಷಕ್ಕೆ ಒಮ್ಮೆ ಅಲುಗಾಡಿಸು. ಎತ್ತಿದ ಮೇಲೆ ಎಣ್ಣೆ ಬಸಿ. ಎಣ್ಣೆ ಕಾಯುವ ವ್ಯಾಟ್ ಮೇಲೆ ಉಪ್ಪು ಉದುರಿಸಬೇಡ. ಏಳು ನಿಮಿಷ ದಾಟಿದ್ದನ್ನು ವೇಸ್ಟ್‌ಗೆ ಹಾಕು. ಇವೆಲ್ಲ ಸರಿಯಾದ ನಿಯಮಗಳೇ. ಆದರೆ ಯಾಕೆ ಎಂದು ಹೇಳಿದವರು ಕಡಿಮೆ. ಯಾಕೆ ಎಂದು ಗೊತ್ತಿಲ್ಲದೆ ಮಾಡುವ ಕೆಲಸಕ್ಕೆ ಬೆನ್ನುಮೂಳೆ ಇರುವುದಿಲ್ಲ. ರಶ್ ಹೊತ್ತಿನಲ್ಲಿ ಮ್ಯಾನೇಜರ್ 'ಪರವಾಗಿಲ್ಲ, ಹಾಕು' ಎಂದರೆ ಆ ನಿಯಮ ಅಲ್ಲೇ ಮುರಿದುಬೀಳುತ್ತದೆ. ಕಾರಣ ಗೊತ್ತಿದ್ದವರು ಮಾತ್ರ 'ಇಲ್ಲ ಸಾರ್, ಹಾಕಬಾರದು' ಎನ್ನಬಲ್ಲರು.

ಬುಟ್ಟಿ ಎಣ್ಣೆಗೆ ಇಳಿದ ಕ್ಷಣದಿಂದಲೇ ಶುರುಮಾಡುತ್ತೇನೆ.

ಮೈನಸ್ 18 ಡಿಗ್ರಿಯಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ಆಲೂಗಡ್ಡೆ ಕಡ್ಡಿಗಳು 170 ಡಿಗ್ರಿ ಆಸುಪಾಸಿನ ಎಣ್ಣೆಗೆ ಬೀಳುತ್ತವೆ. ಎಣ್ಣೆ ಭೋರೆಂದು ಮೇಲೇಳುತ್ತದೆ. ಏಳುವುದು ನೊರೆಯಂತೆ ಕಂಡರೂ ಅದು ಹಬೆ. ಹಸಿ ಆಲೂಗಡ್ಡೆಯ ಐದರಲ್ಲಿ ನಾಲ್ಕು ಪಾಲು ನೀರೇ. ನಿಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಒಂದಿಷ್ಟು ಹೋಗಿದ್ದರೂ ಉಳಿದದ್ದು ಕಡಿಮೆಯೇನಲ್ಲ. ಆ ನೀರು ಆವಿಯಾಗಿ ನುಗ್ಗಿ ಹೊರಬರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗಲಾರದು, ಆವಿಯೇ ಅದನ್ನು ಹೊರಗೆ ತಳ್ಳಿ ಹಿಡಿದಿರುತ್ತದೆ. ಕಡ್ಡಿಯ ಒಳಗಿನ ಬಿಸಿ ನೀರಿನ ಕುದಿಬಿಂದು ದಾಟುವುದಿಲ್ಲ, ಹಾಗಾಗಿ ಒಳಭಾಗ ಬೇಯಿಸಿದ ಆಲೂಗಡ್ಡೆಯ ಹಾಗೆ ಮೃದುವಾಗಿ ಬೇಯುತ್ತದೆ. ಹೊರಗಿನ ತೆಳು ಪದರ ಮಾತ್ರ ನೀರು ಕಳೆದುಕೊಂಡು ಒಣಗಿ, 100 ಡಿಗ್ರಿ ಮೀರಿ ಕಾದು, ಹೊಂಬಣ್ಣಕ್ಕೆ ತಿರುಗಿ ಗರಿಗರಿಯಾಗುತ್ತದೆ. ಒಂದೇ ಕಡ್ಡಿಯಲ್ಲಿ ಎರಡು ಅಡುಗೆ ಒಟ್ಟಿಗೆ ನಡೆಯುತ್ತದೆ, ಒಳಗೆ ಬೇಯಿಸುವುದು, ಹೊರಗೆ ಕರಿಯುವುದು.

ನಮ್ಮ ಮನೆಗಳಲ್ಲಿ ಬಜ್ಜಿ ಕರಿಯುವವರು ಹಿಟ್ಟಿನ ಒಂದು ಚೂರನ್ನು ಬಾಣಲೆಗೆ ಬಿಟ್ಟು ಎಣ್ಣೆ ಕಾದಿದೆಯೇ ಎಂದು ನೋಡುತ್ತಾರೆ, ಗುಳ್ಳೆಯ ಸದ್ದು ಇಳಿದಾಗ ಬಜ್ಜಿ ತೆಗೆಯುತ್ತಾರೆ. ನಿಮ್ಮ ವ್ಯಾಟಿನಲ್ಲಿ ನಡೆಯುವುದೂ ಅದೇ. ಎರಡನೇ ನಿಮಿಷ ಕಳೆದಂತೆ ಸದ್ದು ಬದಲಾಗುವುದನ್ನು ಕೇಳಿಸಿಕೊಳ್ಳಿ. ಮೊದಲ ಭೋರ್ಗರೆತ ತಗ್ಗಿ, ಗುಳ್ಳೆಗಳು ಸಣ್ಣದಾಗಿ, ಬಿಡಿಬಿಡಿಯಾಗಿ ಏಳುತ್ತವೆ. ಮೇಲ್ಪದರದ ನೀರು ಮುಗಿಯುತ್ತ ಬಂತು ಎಂದು ಅರ್ಥ. ಟೈಮರ್ ಕೂಗುವ ಮೊದಲೇ ಕಿವಿಗೆ ಅದು ತಿಳಿಯುತ್ತದೆ. ಒಂದು ವಾರ ಕಿವಿಗೊಟ್ಟು ನೋಡಿ, ಟೈಮರ್ ಕೆಟ್ಟ ದಿನವೂ ನೀವು ಸರಿಯಾಗಿ ಕರಿಯಬಲ್ಲಿರಿ.

ಈಗ ಬುಟ್ಟಿ ಎತ್ತುವ ಘಳಿಗೆ. ಎಲ್ಲಕ್ಕಿಂತ ಹೆಚ್ಚು ಅವಸರ ನಡೆಯುವುದು ಇಲ್ಲೇ, ಅತಿ ಹೆಚ್ಚು ಹಾಳಾಗುವುದೂ ಇಲ್ಲೇ. ಫ್ರೈಸ್ ಎಣ್ಣೆ ಹೀರುವುದು ಕರಿಯುವಾಗ ಎಂದು ಬಹುಪಾಲು ಜನ ತಿಳಿದಿದ್ದಾರೆ. ಆದರೆ ಹೆಚ್ಚಿನ ಎಣ್ಣೆ ಒಳಗೆ ಹೋಗುವುದು ಹೊರತೆಗೆದ ಮೇಲೆ. ಬಿಸಿ ಇಳಿಯುತ್ತಿದ್ದಂತೆ ಒಳಗಿನ ಹಬೆ ಮತ್ತೆ ನೀರಾಗುತ್ತದೆ, ಹಬೆ ಇದ್ದ ಜಾಗ ಖಾಲಿಯಾಗುತ್ತದೆ, ಆ ಖಾಲಿಯು ಮೈಮೇಲೆ ಅಂಟಿಕೊಂಡ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬುಟ್ಟಿಯನ್ನು ವ್ಯಾಟಿನ ಮೇಲೆ ಹಿಡಿದು ನಾಲ್ಕು ಸಲ ಚೆನ್ನಾಗಿ ಕೊಡವಿ, ಐದಾರು ಸೆಕೆಂಡು ಬಸಿಯಲು ಬಿಟ್ಟರೆ, ಆ ಎಣ್ಣೆ ಒಬ್ಬರ ಹೊಟ್ಟೆಗೆ ಹೋಗುವ ಬದಲು ವ್ಯಾಟಿಗೆ ಮರಳುತ್ತದೆ. ತಿನ್ನುವವರ ಆರೋಗ್ಯದ ವಿಚಾರದಲ್ಲಿ ನಿಮ್ಮ ಮೊಣಕೈ ಮಾಡುವ ಆ ಒಂದು ಅಲುಗಾಟದಷ್ಟು ಸುಲಭವಾದ ಉಪಕಾರ ಇನ್ನೊಂದಿಲ್ಲ. ರಶ್ ಎಂದು ಅದನ್ನು ಬಿಡಬೇಡಿ.

ಬುಟ್ಟಿಗೆ ಅರ್ಧ ಮಾತ್ರ ಯಾಕೆ ಎಂಬುದಕ್ಕೂ ಇದೇ ಜಾಡಿನ ಉತ್ತರ. ತಣ್ಣನೆಯ ಆಲೂಗಡ್ಡೆ ಹೆಚ್ಚಾದಷ್ಟೂ ಎಣ್ಣೆಯ ಬಿಸಿ ಇಳಿಯುತ್ತದೆ. ಇಳಿದ ಎಣ್ಣೆಯಲ್ಲಿ ಹಬೆಗೆ ಬಲವಿಲ್ಲ, ಮೇಲ್ಪದರ ಕಟ್ಟುವುದು ತಡವಾಗುತ್ತದೆ, ಬರುವುದು ಬಿಳಚಿಕೊಂಡ, ಮೆತ್ತನೆಯ, ಜಿಡ್ಡು ಸೋರುವ ಕಡ್ಡಿ. ಚೀಲವನ್ನು ಹೊರಗಿಟ್ಟು ಕರಗಲು ಬಿಟ್ಟರೂ ಅದೇ ಗತಿ. ಕರಗಿದ ಕಡ್ಡಿ ಮುರಿಯುತ್ತದೆ, ಒಂದಕ್ಕೊಂದು ಅಂಟುತ್ತದೆ, ಹೆಚ್ಚು ಎಣ್ಣೆ ಕುಡಿಯುತ್ತದೆ. ಚೀಲದ ತಳದಲ್ಲಿ ಉಳಿದ ಹಿಮದ ಪುಡಿಯನ್ನು ಬುಟ್ಟಿಗೆ ಸುರಿಯಬೇಡಿ ಎಂದು ಹೇಳುವುದು ನಿಮ್ಮ ಕೈಗೋಸ್ಕರ. ಹಿಮ ಎಂದರೆ ನೀರು, ಅಷ್ಟು ಬಿಸಿ ಎಣ್ಣೆಗೆ ಬಿದ್ದ ನೀರು ಸಿಡಿಯುತ್ತದೆ.

ಈ ತಿಳಿವಳಿಕೆ ಯಾರೋ ಒಬ್ಬ ಬಾಣಸಿಗನಿಗೆ ಒಂದು ದಿನ ಹೊಳೆದದ್ದಲ್ಲ. ಇದರ ಹಿಂದೆ ದೊಡ್ಡ ಕಥೆಯಿದೆ, ನಿಮ್ಮ ಕೆಲಸದ ವಂಶಾವಳಿ ಅದು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಊರಿನಲ್ಲಿ ಮೆಕ್‌ಡೊನಾಲ್ಡ್ ಸೋದರರು, ಡಿಕ್ ಮತ್ತು ಮ್ಯಾಕ್, 1948ರಲ್ಲಿ ತಮ್ಮ ಅಂಗಡಿಯನ್ನು ಹೊಸ ಮಾದರಿಯಲ್ಲಿ ಮತ್ತೆ ತೆರೆದರು. ತಿನಿಸುಗಳ ಪಟ್ಟಿ ಚಿಕ್ಕದು, ಕೈಗೆ ಬರುವುದು ಬೇಗ, ಬೆಲೆ ಅಗ್ಗ. ಮರುವರ್ಷ ಪಟ್ಟಿಯಲ್ಲಿದ್ದ ಚಿಪ್ಸ್ ಹೋಗಿ ಫ್ರೆಂಚ್ ಫ್ರೈಸ್ ಬಂತು. ಆಗ ಎಲ್ಲವೂ ಅಂಗಡಿಯಲ್ಲೇ. ಮೂಟೆಯಿಂದ ಆಲೂಗಡ್ಡೆ ತೆಗೆದು, ಸಿಪ್ಪೆ ಸುಲಿದು, ಹೆಚ್ಚಿ, ಪಿಷ್ಟ ಹೋಗುವವರೆಗೆ ತೊಳೆದು, ಎಣ್ಣೆಗೆ ಹಾಕುತ್ತಿದ್ದರು. 1955ರ ಏಪ್ರಿಲ್‌ನಲ್ಲಿ ರೇ ಕ್ರಾಕ್ ಎಂಬ ಮಾರಾಟಗಾರ ಷಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ ಅದೇ ಹೆಸರಿನ ಅಂಗಡಿ ತೆರೆದ. ಸೋದರರು ಮಾಡಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೂ ಅವನ ಫ್ರೈಸ್ ಮೆತ್ತಗೆ ಮುದ್ದೆಯಾಗುತ್ತಿತ್ತು. ಕೊನೆಗೆ ಸಿಕ್ಕ ಕಾರಣ ಎಣ್ಣೆಯಲ್ಲೂ ಇರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಸ್ಯಾನ್ ಬರ್ನಾರ್ಡಿನೋದಲ್ಲಿ ಆಲೂಗಡ್ಡೆಯನ್ನು ತಂತಿಜಾಲರಿಯ ತೆರೆದ ತೊಟ್ಟಿಗಳಲ್ಲಿ ಇಡುತ್ತಿದ್ದರು, ಮರುಭೂಮಿಯ ಒಣಗಾಳಿ ಅದರ ಮೇಲೆ ಬೀಸುತ್ತಿತ್ತು, ಗೆಡ್ಡೆಯೊಳಗಿನ ಸಕ್ಕರೆ ದಿನ ಕಳೆದಂತೆ ಪಿಷ್ಟವಾಗುತ್ತಿತ್ತು. ಡೆಸ್ ಪ್ಲೇನ್ಸ್‌ನ ನೆಲಮಾಳಿಗೆಯಲ್ಲಿ ಆ ಗಾಳಿ ಇರಲಿಲ್ಲ. ಕ್ರಾಕ್ ಅಲ್ಲಿ ಒಂದು ದೊಡ್ಡ ವಿದ್ಯುತ್ ಫ್ಯಾನ್ ಹಾಕಿಸಿದ. ಫ್ರೈಸ್ ಸರಿಹೋಯಿತು.

ಅವನ ಅಂಗಡಿಗಳ ಬಳಗದಲ್ಲಿದ್ದ ಲೂಯಿ ಮಾರ್ಟಿನೋ ಎಂಬಾತ ಮೂಲತಃ ಎಲೆಕ್ಟ್ರಿಕಲ್ ಎಂಜಿನಿಯರ್. 1957ರ ಹೊತ್ತಿಗೆ ಅವನು ಷಿಕಾಗೋ ಬಳಿ ಒಂದು ಪುಟ್ಟ ಪ್ರಯೋಗಾಲಯ ಕಟ್ಟಿಕೊಂಡು ಎಣ್ಣೆಯೊಳಗೆ, ಆಲೂಗಡ್ಡೆಯೊಳಗೆ ತಾಪಮಾಪಕ ಇಳಿಸಿ ಅಳೆಯತೊಡಗಿದ. ತಣ್ಣನೆಯ ಆಲೂಗಡ್ಡೆ ಬಿದ್ದಾಗ ಎಣ್ಣೆಯ ಬಿಸಿ ಒಂದೊಂದು ಸಲ ಒಂದೊಂದು ಮಟ್ಟಕ್ಕೆ ಇಳಿಯುತ್ತಿತ್ತು. ಆದರೆ ಅದು ಎಷ್ಟಕ್ಕೇ ಇಳಿಯಲಿ, ಅತ್ಯಂತ ಕೆಳಗಿನ ಮಟ್ಟದಿಂದ ಮತ್ತೆ ಮೂರು ಡಿಗ್ರಿ ಫ್ಯಾರನ್‌ಹೀಟ್ ಮೇಲೇರಿದಾಗ ಫ್ರೈಸ್ ತಪ್ಪದೆ ಹದಕ್ಕೆ ಬಂದಿರುತ್ತಿತ್ತು. ಆ ಲೆಕ್ಕವನ್ನು ಅವನು ಒಂದು ಸಾಧನದೊಳಗೆ ಕೂರಿಸಿದ. ಹದ ಬಂದಾಗ ಯಂತ್ರವೇ ಹೇಳತೊಡಗಿತು.

ನಿಮ್ಮ ವ್ಯಾಟಿನ ಬೀಪ್ ಹುಟ್ಟಿದ್ದು ಆ ವಂಶದಲ್ಲಿ. ನನ್ನ ಮನಸ್ಸಿಗೆ ಹತ್ತಿರವಾದ ಭಾಗ ಇದು, ನೋವು ತರುವ ಭಾಗವೂ ಇದೇ. ಮಾರ್ಟಿನೋ ಕಷ್ಟಪಟ್ಟು ಕಂಡುಕೊಂಡ ತಿಳಿವಳಿಕೆ ಪೆಟ್ಟಿಗೆಯೊಳಗೆ ಸೇರಿತು, ಪೆಟ್ಟಿಗೆಯ ಮುಂದೆ ನಿಂತವರಿಗೆ ಅದರ ಸದ್ದು ಮಾತ್ರ ಉಳಿಯಿತು. ಕೆಲಸ ಸುಲಭವಾಯಿತು, ಒಪ್ಪುತ್ತೇನೆ. ಹದಿನೆಂಟರ ಹುಡುಗಿ ಒಂದೇ ದಿನದಲ್ಲಿ ಕಲಿತು, ಅನುಭವಿ ಬಾಣಸಿಗ ಕರಿದಂತೆಯೇ ಕರಿಯಬಹುದು. ಆದರೆ ಅವಳಿಗೆ ಕಾರಣವನ್ನೂ ಹೇಳಿಕೊಡಲು ಇನ್ನು ಹತ್ತು ನಿಮಿಷ ಸಾಕಿತ್ತು. ಆ ಹತ್ತು ನಿಮಿಷವನ್ನು ಯಾರೂ ಕೊಡಲಿಲ್ಲ.

ಆಮೇಲೆ ಜೆ.ಆರ್. ಸಿಂಪ್ಲಾಟ್ ಬಂದ. ಹದಿಹರೆಯದಲ್ಲೇ ಶಾಲೆ ಬಿಟ್ಟು ಐಡಾಹೋ ರಾಜ್ಯದಲ್ಲಿ ಆಲೂಗಡ್ಡೆ ವ್ಯಾಪಾರ ಕಟ್ಟಿದವನು, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಒಣಗಿಸಿದ ಆಲೂಗಡ್ಡೆ ಒದಗಿಸಿದವನು. ಅವನ ಕಂಪನಿಯ ರಸಾಯನಶಾಸ್ತ್ರಜ್ಞರು ಹೆಪ್ಪುಗಟ್ಟಿಸಿದ ಫ್ರೈಸ್ ತಯಾರಿಸಿದರು. 1960ರ ದಶಕದಲ್ಲಿ ಅದು ಮೆಕ್‌ಡೊನಾಲ್ಡ್ಸ್ ಅಂಗಡಿಗಳಿಗೆ ಹೋಗತೊಡಗಿತು. ಅಂಗಡಿಯ ಹಿಂಬದಿಯ ಸಿಪ್ಪೆ ಸುಲಿಯುವ ಕೆಲಸ ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲಿ ಇನ್-ಎನ್-ಔಟ್, ಫೈವ್ ಗೈಸ್ ಮುಂತಾದ ಕೆಲವು ಅಂಗಡಿಗಳು ಇಂದಿಗೂ ತಮ್ಮಲ್ಲೇ ಹೆಚ್ಚಿ ಕರಿಯುತ್ತವೆ, ಉಳಿದ ಜಗತ್ತಿನ ಬಹುಪಾಲು ಅಂಗಡಿಗಳಿಗೆ ಚೀಲ ಬರುತ್ತದೆ.

ನಿಮ್ಮ ಚೀಲ ಎಲ್ಲಿಂದ ಬರುತ್ತದೆ ಎಂದು ಅದರ ಮೇಲಿನ ಅಚ್ಚನ್ನು ಒಮ್ಮೆ ಓದಿ. ಗುಜರಾತಿನ ಹೆಸರು ಕಂಡರೆ ಆಶ್ಚರ್ಯವಿಲ್ಲ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ದಿಲ್ಲಿಯಲ್ಲಿ ಮೊದಲ ಅಂಗಡಿ ತೆರೆದಾಗ ಫ್ರೈಸ್‌ಗೆ ತಕ್ಕ ಆಲೂಗಡ್ಡೆಯೇ ನಮ್ಮಲ್ಲಿ ಇರಲಿಲ್ಲ, ಹೊರದೇಶದಿಂದ ತರಿಸಬೇಕಾಯಿತು. ಈಗ ಮೆಹಸಾಣಾ, ಬನಾಸಕಾಂಠಾ ಸೀಮೆಯ ರೈತರು ಅದಕ್ಕೆಂದೇ ಉದ್ದನೆಯ ಗೆಡ್ಡೆ ಬೆಳೆಯುತ್ತಾರೆ, ಅಲ್ಲಿನ ಕಾರ್ಖಾನೆಗಳು ಹೊರದೇಶಕ್ಕೂ ಕಳಿಸುತ್ತಿವೆ. ನಮ್ಮ ಹಾಸನದ ಆಲೂಗಡ್ಡೆ ಯಾಕಲ್ಲ ಎಂದು ನಿಮ್ಮಲ್ಲಿ ಆ ಕಡೆಯವರು ಕೇಳಬಹುದು. ಹಾಸನದ ರೈತರು ಜಲಂಧರಿನಿಂದ ಬರುವ ಬಿತ್ತನೆ ಗೆಡ್ಡೆ ಕೊಂಡು ಮುಂಗಾರಿನಲ್ಲಿ ನೆಡುವುದು ಹೆಚ್ಚಾಗಿ ಕುಫ್ರಿ ಜ್ಯೋತಿ. ಅದು ಮೊಟ್ಟೆಯಾಕಾರದ, ಸಾಗು ಪಲ್ಯಕ್ಕೆ ಹೇಳಿಮಾಡಿಸಿದ ಗೆಡ್ಡೆ. ಫ್ರೈಸ್‌ಗೆ ಬೇಕಾದದ್ದು ಉದ್ದನೆಯ, ನೀರು ಕಡಿಮೆ ಇರುವ, ತೂಕದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಒಣಪದಾರ್ಥವಿರುವ ಗೆಡ್ಡೆ. ಅಂಥ ತಳಿಗಳು ನಮ್ಮ ದೇಶದಲ್ಲೇ ರೂಪುಗೊಂಡಿವೆ, ಕುಫ್ರಿ ಫ್ರೈಸೋನಾ ಅವುಗಳಲ್ಲೊಂದು. ಮಳೆಗಾಲದ ಅಂಗಮಾರಿಗೆ ಹೊಲಕ್ಕೆ ಹೊಲವೇ ಕರಟಿಹೋಗುವುದನ್ನು ಕಂಡ ಹಾಸನದ ರೈತರಿಗೆ ಈ ವಹಿವಾಟಿನ ಒಂದು ಪಾಲು ದಕ್ಕಬೇಕಿತ್ತು ಎಂಬ ಆಸೆ ನನ್ನದು. 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆದಾಗ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘ ಬೀದಿಗಿಳಿದದ್ದು ನಿಮ್ಮಲ್ಲಿ ಹಲವರು ಹುಟ್ಟುವ ಮೊದಲಿನ ಮಾತು. ಇಂಥ ಅಂಗಡಿಗಳು ನಮ್ಮ ಬೇಸಾಯವನ್ನು ಎಲ್ಲಿಗೆ ಒಯ್ಯುತ್ತವೆ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಗುಜರಾತಿನ ಹೊಲಗಳು ಕೊಟ್ಟಿರುವುದು ಅದರ ಒಂದು ಉತ್ತರ, ನಮ್ಮ ಹೊಲಗಳ ಉತ್ತರ ಇನ್ನೂ ಬಂದಿಲ್ಲ.

ಕಾರ್ಖಾನೆಯಲ್ಲಿ ಗೆಡ್ಡೆಯ ಸಿಪ್ಪೆಯನ್ನು ಹಬೆಯಿಂದ ಬಿಡಿಸುತ್ತಾರೆ. ಆಮೇಲೆ ನೀರಿನ ರಭಸದಲ್ಲಿ ಅದನ್ನು ಕೊಳವೆಯೊಳಗೆ ಹಾರಿಸಿ, ಜಾಲರಿಯಂತೆ ಕೂಡಿಸಿದ ಅಲಗುಗಳ ಮೂಲಕ ಹಾಯಿಸುತ್ತಾರೆ, ಕಡ್ಡಿಗಳಾಗಿ ಹೊರಬರುತ್ತದೆ. ಬಿಸಿನೀರಿನಲ್ಲಿ ಅದ್ದಿ ಹೆಚ್ಚುವರಿ ಸಕ್ಕರೆ ತೆಗೆಯುತ್ತಾರೆ. ಬೂದುಬಣ್ಣಕ್ಕೆ ತಿರುಗದಿರಲು ಒಂದು ಫಾಸ್ಫೇಟ್ ಲವಣ, ಎಲ್ಲ ಕಡ್ಡಿಗೂ ಒಂದೇ ಬಣ್ಣ ಬರಲು ಚೂರು ಡೆಕ್ಸ್‌ಟ್ರೋಸ್ ಸೇರಿಸುವುದೂ ಉಂಟು. ಒಣಗಿಸಿ, ಒಂದು ನಿಮಿಷದಷ್ಟು ಎಣ್ಣೆಯಲ್ಲಿ ಕರಿದು, ಹೆಪ್ಪುಗಟ್ಟಿಸುತ್ತಾರೆ. ಹೌದು, ನಿಮ್ಮ ಕೈಗೆ ಬರುವ ಮೊದಲೇ ಅದು ಒಮ್ಮೆ ಕರಿದದ್ದು. ಬೆಲ್ಜಿಯಂನ ಬೀದಿ ಅಂಗಡಿಗಳಲ್ಲಿ ಒಬ್ಬರೇ ನಿಂತು ಎರಡು ಸಲ ಕರಿಯುತ್ತಾರೆ, ಮೊದಲು ಹದವಾದ ಬಿಸಿಯಲ್ಲಿ ಬೇಯುವಂತೆ, ಆಮೇಲೆ ಹೆಚ್ಚಿನ ಬಿಸಿಯಲ್ಲಿ ಗರಿಯಾಗುವಂತೆ. ನಿಮ್ಮ ವಿಷಯದಲ್ಲಿ ಮೊದಲ ಕರಿಯುವಿಕೆ ಸಾವಿರಾರು ಕಿಲೋಮೀಟರ್ ಆಚೆ ನಡೆದಿರಬಹುದು, ಎರಡನೆಯದು ನಿಮ್ಮ ಕೈಯಲ್ಲಿ. ಬಿತ್ತಿದವರು, ಅಗೆದವರು, ಶೀತಲ ಲಾರಿ ಓಡಿಸಿದವರು ಎಲ್ಲರ ಕೆಲಸವೂ ನೀವು ಬುಟ್ಟಿ ಎತ್ತುವವರೆಗೆ ಅರ್ಧವೇ.

ಇನ್ನು ಏಳು ನಿಮಿಷದ ಮಾತು. ಹೋಲ್ಡಿಂಗ್ ದೀಪದ ಕೆಳಗೆ ಫ್ರೈಸ್ ಇಡುವ ಮಿತಿ ಬಹಳಷ್ಟು ಕಡೆ ಐದರಿಂದ ಏಳು ನಿಮಿಷ. ಅಷ್ಟರ ಮೇಲೆ ಒಳಗಿನ ತೇವ ಮೇಲ್ಪದರಕ್ಕೆ ನುಗ್ಗುತ್ತದೆ, ಗರಿ ಹೋಗಿ ರಬ್ಬರಿನಂತೆ ಬಾಗುತ್ತದೆ. ದೀಪ ಬಿಸಿ ಕಾಯ್ದೀತು, ಗರಿಯನ್ನು ಕಾಯಲಾರದು. ವೇಸ್ಟ್ ಹೆಚ್ಚಾಯಿತು ಎಂದು ನಿಮ್ಮನ್ನು ಗದರುವುದನ್ನು ಕೌಂಟರಿನ ಈಚೆಯಿಂದ ಕೇಳಿದ್ದೇನೆ. ಅದಕ್ಕೆ ಮದ್ದು ಹಳೆಯದನ್ನು ಹೊಸದರ ಜತೆ ಬೆರೆಸುವುದಲ್ಲ. ಬೆರೆಸಿದರೆ ಹೊಸದರ ಹಬೆ ಹಳೆಯದಕ್ಕೆ ತಗುಲಿ, ಹಳೆಯದರ ತೇವ ಹೊಸದಕ್ಕೆ ತಗುಲಿ, ಎರಡೂ ಕೆಡುತ್ತವೆ. ಮದ್ದು ಇರುವುದು ಸಣ್ಣ ಸಣ್ಣ ಬ್ಯಾಚ್‌ಗಳಲ್ಲಿ. ಸರತಿಯಲ್ಲಿ ಎಷ್ಟು ಜನ ಇದ್ದಾರೆ, ಶಾಲೆ ಬಿಡುವ ಹೊತ್ತೇ, ಸಿನಿಮಾ ಬಿಡುವ ಹೊತ್ತೇ ಎಂದು ತಲೆಯೆತ್ತಿ ನೋಡಿ ಎಷ್ಟು ಇಳಿಸಬೇಕೆಂದು ಅಂದಾಜು ಹಾಕುವುದು ಯಂತ್ರಕ್ಕೆ ಬರುವ ವಿದ್ಯೆಯಲ್ಲ, ನಿಮ್ಮದು.

ಉಪ್ಪು ಹಾಕುವುದು ಎಣ್ಣೆ ಬಸಿದ ಕೂಡಲೇ, ತಟ್ಟೆಗೆ ಸುರಿದು, ಮೇಲಿನಿಂದ ಹರಡಿದಂತೆ. ಮೈಮೇಲಿನ ಬಿಸಿ ಎಣ್ಣೆಯ ಪಸೆ ಆರುವ ಮೊದಲು ಹಾಕಿದರೆ ಮಾತ್ರ ಅಂಟುತ್ತದೆ, ತಡವಾದರೆ ಉಪ್ಪೆಲ್ಲ ಪೊಟ್ಟಣದ ತಳಕ್ಕೆ. ವ್ಯಾಟಿನ ಮೇಲೆ ಹಾಕಬಾರದೆನ್ನುವುದು ಎಣ್ಣೆಯ ಆಯುಸ್ಸಿಗಾಗಿ, ಉಪ್ಪು ಬಿದ್ದ ಎಣ್ಣೆ ಬೇಗ ಕೆಡುತ್ತದೆ. ಸ್ಕೂಪಿನಿಂದ ಪೊಟ್ಟಣ ತುಂಬುವಾಗ ಒತ್ತಿ ತುರುಕಬೇಡಿ. ಕಡ್ಡಿಗಳ ನಡುವೆ ಗಾಳಿಯಾಡಲು ಜಾಗವಿದ್ದರೆ ಹಬೆ ಹೊರಗೆ ಹೋಗುತ್ತದೆ. ಹಾಗೆಂದು ಪೊಟ್ಟಣದ ಬಾಯಿ ಕಿವುಚಿ ಅರ್ಧ ತುಂಬಿದ್ದನ್ನು ಪೂರ್ತಿಯಂತೆ ತೋರಿಸಿ ಎನ್ನುವವರ ಮಾತು ಕೇಳಬೇಡಿ, ಅದು ಹಣ ಕೊಟ್ಟವರಿಗೆ ಮಾಡುವ ಮೋಸ. ಡೆಲಿವರಿಗೆ ಹೋಗುವ ಪೊಟ್ಟಣದ ಬಗ್ಗೆ ನನಗೆ ತೀರಾ ಬೇಸರವಿದೆ. ಮುಚ್ಚಿದ ಡಬ್ಬ, ಅದರ ಮೇಲೆ ಮುಚ್ಚಿದ ಚೀಲ, ಸಿಲ್ಕ್ ಬೋರ್ಡಿನ ಟ್ರಾಫಿಕ್. ಮನೆಗೆ ಬಂದಾಗ ಬೆವರಿದ ಆಲೂಗಡ್ಡೆ. ಡಬ್ಬದ ಮುಚ್ಚಳದಲ್ಲಿ ತೂತು ಇದ್ದರೆ ಅದರ ಮೇಲೆ ಬಿಲ್ ಅಂಟಿಸಬೇಡಿ, ತೂತು ಇಲ್ಲದಿದ್ದರೆ ಚೀಲದ ಬಾಯಿಯನ್ನು ಬಿಗಿಯಾಗಿ ಮಡಚಬೇಡಿ. ಇಷ್ಟು ಮಾತ್ರ ನಿಮ್ಮ ಕೈಯಲ್ಲಿದೆ.

ಎಣ್ಣೆಯ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಬಿಸಿ, ಗಾಳಿ, ಆಲೂಗಡ್ಡೆಯ ನೀರು, ಈ ಮೂರೂ ಸೇರಿ ಎಣ್ಣೆಯನ್ನು ಪ್ರತಿ ಬುಟ್ಟಿಗೂ ಸ್ವಲ್ಪ ಸ್ವಲ್ಪ ಒಡೆಯುತ್ತವೆ. ಬಣ್ಣ ಕಪ್ಪಾಗುತ್ತದೆ, ಮಂದವಾಗುತ್ತದೆ, ಬುಟ್ಟಿ ಎತ್ತಿದ ಮೇಲೂ ಅಂಚಿನಲ್ಲಿ ಸಣ್ಣ ನೊರೆ ನಿಲ್ಲುತ್ತದೆ, ಮೊದಲಿಗಿಂತ ಕಡಿಮೆ ಬಿಸಿಗೇ ಹೊಗೆಯಾಡುತ್ತದೆ, ಕಮಟು ವಾಸನೆ ಬರುತ್ತದೆ. ನಿಮ್ಮ ಕಣ್ಣು ಮೂಗಿಗೆ ಇದು ಮ್ಯಾನೇಜರಿಗಿಂತ ಮೊದಲೇ ತಿಳಿಯುತ್ತದೆ. ಕಾನೂನು ಇದಕ್ಕೆ ಒಂದು ಅಳತೆ ಇಟ್ಟಿದೆ. ಎಣ್ಣೆ ಒಡೆದಾಗ ಹುಟ್ಟುವ ಪೋಲಾರ್ ಸಂಯುಕ್ತಗಳ ಒಟ್ಟು ಪ್ರಮಾಣ ಶೇಕಡಾ 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2018ರ ಜುಲೈ 1ರಿಂದ ನಿಯಮ ಜಾರಿ ಮಾಡಿದೆ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕ ಬರೆದಿಡಬೇಕು. ಎಣ್ಣೆಯಲ್ಲಿ ಅದ್ದಿದರೆ ಶೇಕಡಾವಾರು ತೋರಿಸುವ ಪುಟ್ಟ ಮೀಟರ್ ಇದೆ, ಬಣ್ಣ ಬದಲಿಸುವ ಪಟ್ಟಿಗಳೂ ಇವೆ. ನಿಮ್ಮ ಅಂಗಡಿಯಲ್ಲಿ ಅದು ಎಲ್ಲಿದೆ ಎಂದು ಕೇಳಿ. ಕೇಳುವುದು ಉದ್ಧಟತನವಲ್ಲ. ತೆಗೆದ ಹಳೆ ಎಣ್ಣೆ ಬಯೋಡೀಸೆಲ್ ಆಗಲಿ ಎಂದು ಅದೇ ಪ್ರಾಧಿಕಾರ ಯೋಜನೆ ಮಾಡಿದೆ. ಆ ಡಬ್ಬಗಳು ಹಿಂಬಾಗಿಲಿನಿಂದ ಇನ್ಯಾರದೋ ಬಾಣಲೆಗೆ ಹೋಗುವುದನ್ನು ಕಂಡರೆ ನೀವು ಸುಮ್ಮನಿರಬಾರದು. ರಸ್ತೆಬದಿಯಲ್ಲಿ ಆ ಎಣ್ಣೆಯಲ್ಲಿ ಕರಿದದ್ದನ್ನು ತಿನ್ನುವವರು ಕೂಲಿ ಮುಗಿಸಿ ಬಂದವರು, ನಿಮ್ಮ ನಮ್ಮ ಮನೆಯವರು.

ಬಣ್ಣದ ವಿಚಾರದಲ್ಲೂ ಒಂದು ಮಾತು. ಹೊಂಬಣ್ಣ ಚೆಂದ, ಕಂದು ಬೇಡ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪಿಷ್ಟವಿರುವ ತಿನಿಸನ್ನು ಹೆಚ್ಚು ಬಿಸಿಯಲ್ಲಿ ಕರಿದಾಗ, ಸುಟ್ಟಾಗ ಅಕ್ರಿಲಮೈಡ್ ಎಂಬ ವಸ್ತು ಹುಟ್ಟುತ್ತದೆಂದು ಪ್ರಕಟಿಸಿದರು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿದೆ. ಬಣ್ಣ ಗಾಢವಾದಷ್ಟೂ ಅದು ಹೆಚ್ಚು. ಹಾಗಾಗಿಯೇ ಐರೋಪ್ಯ ಒಕ್ಕೂಟ ಫ್ರೈಸ್ ಕರಿಯುವ ಎಣ್ಣೆಯ ಬಿಸಿ 175 ಡಿಗ್ರಿಯೊಳಗೆ ಇರಬೇಕೆಂದು 2018ರಿಂದ ನಿಯಮ ತಂದಿತು. ಬೇಗ ಆಗಲಿ ಎಂದು ಬಿಸಿ ಏರಿಸಬೇಡಿ. ಹೊರಗೆ ಕಂದಾಗಿ ಒಳಗೆ ಹಸಿ ಉಳಿಯುತ್ತದೆ, ಅಷ್ಟೇ ಅಲ್ಲ, ತಿನ್ನುವವರಲ್ಲಿ ಮಕ್ಕಳೂ ಇದ್ದಾರೆ.

ಇನ್ನೊಂದು ವಿಷಯದಲ್ಲಿ ಹೊಟ್ಟೆಗಿಂತ ನಂಬಿಕೆ ದೊಡ್ಡದು. ಅಮೆರಿಕದ ಮೆಕ್‌ಡೊನಾಲ್ಡ್ಸ್ ಬಹುಕಾಲ ಫ್ರೈಸ್ ಕರಿಯುತ್ತಿದ್ದುದು ಬಹುಪಾಲು ದನದ ಕೊಬ್ಬಿನಲ್ಲಿ. 1990ರಲ್ಲಿ ಸಸ್ಯಜನ್ಯ ಎಣ್ಣೆಗೆ ಬದಲಾಯಿಸಿದೆವೆಂದು ಕಂಪನಿ ಘೋಷಿಸಿತು. ಅಲ್ಲಿ ನೆಲೆಸಿದ ಸಾವಿರಾರು ಸಸ್ಯಾಹಾರಿಗಳು ನಂಬಿ ತಿಂದರು. ಆದರೆ ರುಚಿಗೆಂದು ಸೇರಿಸಿದ 'ನೈಸರ್ಗಿಕ ಸ್ವಾದ'ದಲ್ಲಿ ದನದ ಮಾಂಸದ ಅಂಶವಿತ್ತು. ಸಿಯಾಟಲ್‌ನ ವಕೀಲ ಹರೀಶ್ ಭಾರ್ತಿ 2001ರಲ್ಲಿ ಮೊಕದ್ದಮೆ ಹೂಡಿದರು. ಕಂಪನಿ ಕ್ಷಮೆ ಕೇಳಿತು, ಮರುವರ್ಷ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಭಾರತದ ಅಂಗಡಿಗಳಲ್ಲಿ ಆ ಸ್ವಾದ ಬಳಸುತ್ತಿಲ್ಲವೆಂದು ಆಗ ಸ್ಪಷ್ಟಪಡಿಸಲಾಯಿತು. ಕೌಂಟರಿನಲ್ಲಿ ಅಜ್ಜಿಯೊಬ್ಬರು ಮೊಮ್ಮಗನ ಪರವಾಗಿ 'ಇದು ವೆಜ್ ತಾನೇ?' ಎಂದು ಕೇಳಿದಾಗ ಅವರು ಕೇಳುತ್ತಿರುವುದು ಆಲೂಗಡ್ಡೆಯ ಬಗ್ಗೆ ಅಲ್ಲ, ಎಣ್ಣೆಯ ಬಗ್ಗೆ. ಕೋಳಿ ಕರಿದ ವ್ಯಾಟಿನಲ್ಲೇ ಫ್ರೈಸ್ ಕರಿಯುತ್ತೀರಾದರೆ ಹಾಗೆಂದೇ ಹೇಳಿಬಿಡಿ. ವ್ಯಾಟ್ ಬೇರೆ ಇದ್ದರೆ, ರಶ್ ಎಷ್ಟೇ ಇರಲಿ, ಒಂದರ ಬುಟ್ಟಿ ಇನ್ನೊಂದಕ್ಕೆ ಇಳಿಯದಂತೆ ಕಾಯುವವರು ನೀವೇ, ಬೇರೆ ಯಾರಿಗೂ ಅದು ಕಾಣುವುದಿಲ್ಲ.

ಇಷ್ಟೆಲ್ಲ ಕೇಳುವ ಹಕ್ಕು ನಮಗೆ ಬರಬೇಕಾದರೆ ನಿಮ್ಮ ಮೈಗೆ ಏನಾಗುತ್ತದೆಂದೂ ನಾವು ನೋಡಬೇಕು. ಮುಂಗೈ ಮೇಲಿನ ಸಣ್ಣ ಸಣ್ಣ ಸುಟ್ಟ ಕಲೆಗಳು, ಜಿಡ್ಡು ನೆಲದ ಮೇಲೆ ಹತ್ತು ಗಂಟೆ ನಿಂತ ಕಾಲು, ಎರಡು ಸಲ ಒಗೆದರೂ ಹೋಗದ ಕೂದಲಿನ ಎಣ್ಣೆ ವಾಸನೆ. ರಾತ್ರಿ ಷಟರ್ ಎಳೆದ ಮೇಲೆ ಎಣ್ಣೆ ಶೋಧಿಸುವುದು, ವ್ಯಾಟ್ ಖಾಲಿ ಮಾಡಿ, ನೀರು ಕುದಿಸಿ ತೊಳೆಯುವ ಬಾಯ್ಲ್‌ಔಟ್ ಮಾಡುವುದು ದಿನದ ಅತ್ಯಂತ ಅಪಾಯದ ಕೆಲಸ, ಅದು ಬರುವುದೋ ಎಲ್ಲರಿಗೂ ದಣಿವಾದ ಹೊತ್ತಿನಲ್ಲಿ. ಉದ್ದ ಕೈಗವಸು, ಮುಖಕ್ಕೆ ಅಡ್ಡಪಟ್ಟಿ, ಜಾರದ ಬೂಟು ಇಲ್ಲದೆ ಬಿಸಿ ಎಣ್ಣೆ ಮುಟ್ಟಬೇಡಿ. ಎಣ್ಣೆ ಸಾಕಷ್ಟು ಆರುವ ಮೊದಲು ಬರಿದು ಮಾಡು ಎಂದರೆ, ಕೊನೆ ಬಸ್ಸು ತಪ್ಪಿದರೂ ಸರಿ, ಆಗುವುದಿಲ್ಲ ಎನ್ನಿ. ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ, ಪೇಸ್ಟು, ಅರಿಶಿನ, ಐಸು ಹಚ್ಚಬೇಡಿ. ಅಂಗಡಿಗಳ ಮಾಲೀಕರೂ ಇದನ್ನು ಓದುತ್ತಿರಬಹುದು, ಅವರಿಗೆ ಹೇಳುತ್ತೇನೆ: ಈ ಮಕ್ಕಳ ಕೈಗವಸಿನ ಬೆಲೆ ನಿಮ್ಮ ಒಂದು ಗಂಟೆಯ ಫ್ರೈಸ್ ವ್ಯಾಪಾರಕ್ಕೂ ಸಮವಲ್ಲ. ಹರಿದ ಕೈಗವಸನ್ನು ಬದಲಿಸಲು ಅವರು ಮೂರು ಸಲ ಕೇಳುವಂತೆ ಮಾಡಬೇಡಿ.

ಕೊನೆಯದಾಗಿ ಗ್ರಾಹಕರ ಒಂದು ಅಭ್ಯಾಸದ ಬಗ್ಗೆ. ಹೊಸದಾಗಿ ಕರಿದದ್ದು ಸಿಗಲಿ ಎಂದು ಕೆಲವರು 'ಉಪ್ಪಿಲ್ಲದೆ ಕೊಡಿ' ಎನ್ನುತ್ತಾರೆ, ಆಮೇಲೆ ಉಪ್ಪಿನ ಪೊಟ್ಟಣ ಕೇಳಿ ಪಡೆಯುತ್ತಾರೆ. ಅದಕ್ಕಾಗಿ ನೀವು ಸ್ಕೂಪು, ತಟ್ಟೆ ಎಲ್ಲ ಒರೆಸಿ ಬೇರೆ ಬುಟ್ಟಿ ಇಳಿಸಬೇಕು. ರಕ್ತದೊತ್ತಡದ ಕಾರಣಕ್ಕೆ ನಿಜವಾಗಿ ಉಪ್ಪು ಬೇಡ ಎನ್ನುವವರ ಮಾತನ್ನೂ ಅದರಿಂದ ನೀವು ಅನುಮಾನದಿಂದ ನೋಡುವಂತಾಗಿದೆ. ನಾವು ಆ ಸುತ್ತುಬಳಸು ಬಿಡುತ್ತೇವೆ, 'ಹೊಸದು ಹಾಕಿಕೊಡಿ' ಎಂದು ನೇರವಾಗಿ ಕೇಳುತ್ತೇವೆ. ಕೇಳಿದಾಗ ಮುಖ ಸಿಂಡರಿಸಬೇಡಿ, 'ಮೂರು ನಿಮಿಷ ಆಗುತ್ತದೆ' ಎನ್ನಿ. ನಮ್ಮ ಹಿಂದೆ ನಿಂತವರು ಗೊಣಗಿದರೆ ಅವರಿಗೆ ಉತ್ತರ ಹೇಳುವ ಕೆಲಸ ನಮಗೆ ಬಿಡಿ.

ಇತಿ,
ಕೌಂಟರಿನ ಈಚೆ ನಿಂತ ನಿಮ್ಮ ಗ್ರಾಹಕಿ